ಚಿಂಪಾಂಜಿಗೆ ಗೇಟ್‌ಪಾಸ್

ವೈಟ್‌ಫೀಲ್ಡಿನಲ್ಲಿ ಜ್ವರಗಳಿಗೂ ಅಂತಸ್ತುಂಟು. ಡೆಂಗಿ ಬಂದರೆ ಒಂದು ತೂಕ. ಪ್ಲೇಟ್‌ಲೆಟ್ ಎಷ್ಟಕ್ಕಿಳಿಯಿತು, ಎಷ್ಟಕ್ಕೇರಿತು ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಷೇರುಪೇಟೆಯ ವರದಿಯ ಹಾಗೆ ಬೆಳಿಗ್ಗೆ ಸಂಜೆ ಸುದ್ದಿ ಬರುತ್ತದೆ. ಅದರ ಕೆಳಗೆ ಪಪ್ಪಾಯಿ ಎಲೆ, ಕಿವಿ ಹಣ್ಣು, ಕೈಮುಗಿದ ಚಿತ್ರಗಳ ಸಾಲು. ವೈರಲ್ ಫೀವರ್ ಆದರೆ ಎರಡು ದಿನ ವರ್ಕ್ ಫ್ರಂ ಹೋಮ್, ಅಷ್ಟೇ. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಬಿ ಬ್ಲಾಕಿನ ಪ್ರಾಡಕ್ಟ್ ಮ್ಯಾನೇಜರೊಬ್ಬರಿಗೆ ದಿನ ಬಿಟ್ಟು ದಿನ ಹಲ್ಲು ಕಟಕಟಿಸುವ ನಡುಕ ಬಂದು, ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಎಂದು ಗೊತ್ತಾದಾಗ ಗುಂಪಿನಲ್ಲಿ ಒಂದೇ ಒಂದು ಕೈಯೂ ಮುಗಿಯಲಿಲ್ಲ. ಎರಡು ಕೋಟಿ ಸಾಲ ಮಾಡಿ ಕೊಂಡ ಮನೆಗೆ ಗುಡಿಸಲಿನ ಕಾಯಿಲೆ ಬರುವುದೆಂದರೇನು? ಅರ್ಧ ಗಂಟೆ ಮೌನ. ಆಮೇಲೆ ಸಿ ಬ್ಲಾಕಿನ ಒಬ್ಬರು ಎಲ್ಲರ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟರು: "ಇದರಿಂದ ಚದರಡಿ ರೇಟು ಬೀಳುತ್ತಾ?"

ಹೀಗಾಗಿ ಭಾನುವಾರ ಕ್ಲಬ್‌ಹೌಸಿನಲ್ಲಿ ತುರ್ತು ಸಭೆ ಸೇರಿತು. ಕಾರ್ಯಸೂಚಿಯಲ್ಲಿ ಒಂದೇ ವಿಷಯ: ಸಮಸ್ತ ನಿವಾಸಿಗಳಿಗೆ ಮಲೇರಿಯಾ ಲಸಿಕೆ.

ಲಸಿಕೆಯ ವಿಚಾರದಲ್ಲಿ ನಮ್ಮ ಸಂಘಕ್ಕೆ ಹಳೆಯ ಹೆಮ್ಮೆಯಿದೆ. 2021ರ ಬೇಸಿಗೆಯಲ್ಲಿ, ಊರೆಲ್ಲ ಸರ್ಕಾರಿ ಕೇಂದ್ರಗಳ ಮುಂದೆ ಟೋಕನ್ನಿಗೆ ನಿಂತಿದ್ದಾಗ, ಇದೇ ಕ್ಲಬ್‌ಹೌಸಿಗೆ ಖಾಸಗಿ ಆಸ್ಪತ್ರೆಯವರನ್ನು ಕರೆಸಿ ಈಜುಕೊಳದ ಪಕ್ಕ ಕುರ್ಚಿ ಹಾಕಿ ಕೋವಿಶೀಲ್ಡ್ ಚುಚ್ಚಿಸಿಕೊಂಡವರು ನಾವು. ಆ ಜೂನ್‌ನಲ್ಲಿ ಸರ್ಕಾರ ಖಾಸಗಿಯವರಿಗೆ ಕಟ್ಟಿದ ಗರಿಷ್ಠ ಬೆಲೆ ಡೋಸಿಗೆ 780 ರೂಪಾಯಿ. ಅದಕ್ಕಿಂತ ಹೆಚ್ಚು ಖರ್ಚಾದದ್ದು ಸೆಲ್ಫಿಗೆಂದು ನಿಲ್ಲಿಸಿದ ಹೂವಿನ ಕಮಾನಿಗೆ. ಮನೆಗೆಲಸದವರು, ಡ್ರೈವರುಗಳು, ಹೌಸ್‌ಕೀಪಿಂಗಿನವರು ಮಾತ್ರ "ಸಂಜೆ ನಾಲ್ಕರ ಮೇಲೆ, ಮಿಕ್ಕಿದರೆ ನೋಡೋಣ" ಎಂಬ ವರ್ಗದಲ್ಲಿದ್ದರು. ಮಿಕ್ಕಲಿಲ್ಲ.

"ಅದೇ ಮಾದರಿ," ಎಂದರು ಅಧ್ಯಕ್ಷರು. "ಕೋವಿಶೀಲ್ಡ್ ತರಿಸಿದ ಹಾಗೆ ಇದನ್ನೂ ತರಿಸೋದು."

ಆಗ ಎದ್ದು ನಿಂತವರು ಡಿ ಬ್ಲಾಕಿನ ಮೇಡಂ. ಎಲೆಕ್ಟ್ರಾನಿಕ್ ಸಿಟಿಯ ಔಷಧ ಲ್ಯಾಬೊಂದರಲ್ಲಿ ಕೆಲಸ. ದಿನಾ ಸಿಲ್ಕ್ ಬೋರ್ಡ್ ದಾಟಿ ಹೋಗಿಬರುವವರಾದ್ದರಿಂದ ಯಾವ ಸಭೆಗೂ ಅಂಜುವವರಲ್ಲ. "ಸಾರ್, ಕೋವಿಶೀಲ್ಡಿಗೂ ಮಲೇರಿಯಾಕ್ಕೂ ನೀವು ತಿಳಿದಿದ್ದಕ್ಕಿಂತ ಹತ್ತಿರದ ನೆಂಟಸ್ತಿಕೆ ಇದೆ," ಅಂದರು. ಆಮೇಲೆ ಅವರು ಹೇಳಿದ್ದನ್ನು ನಾನು ನನಗೆ ತಿಳಿದ ಭಾಷೆಯಲ್ಲಿ, ಅಂದರೆ ಗೇಟಿನ ಭಾಷೆಯಲ್ಲಿ, ಬರೆದುಕೊಂಡೆ.

ವೈರಸ್ಸೆಂದರೆ ಮೂಲತಃ ಡೆಲಿವರಿ ಹುಡುಗ. ಜೀವಕೋಶದ ಬಾಗಿಲು ತೆರೆಸಿ ಒಳಗೆ ಪೊಟ್ಟಣ ಇಡುವುದು ಅವನ ಹುಟ್ಟುವಿದ್ಯೆ. ವಿಜ್ಞಾನಿಗಳು ಮಾಡಿದ್ದೇನೆಂದರೆ, ನೆಗಡಿ ತರುವ ಅಡಿನೋವೈರಸ್ಸನ್ನು ಹಿಡಿದು, ಅದು ಹೋದಲ್ಲೆಲ್ಲ ಸಂಸಾರ ಹೂಡದಂತೆ ಸಂತಾನದ ವಂಶವಾಹಿಯನ್ನು ಕತ್ತರಿಸಿ, ಅದರ ಚೀಲದಲ್ಲಿ ಮಲೇರಿಯಾ ರೋಗಾಣುವಿನ ಒಂದು ತುಣುಕು ಗುರುತನ್ನು ಇಟ್ಟು ಕಳಿಸಿದರು. "ಈ ಮುಖದವನು ಕಂಡರೆ ಹಿಡಿಯಿರಿ" ಎಂದು ಮೈಯೊಳಗಿನ ಪಹರೆಯವರಿಗೆ ಕೊಟ್ಟ ಫೋಟೋ ಎನ್ನಿ. ತೊಂದರೆ ಏನೆಂದರೆ, ಮನುಷ್ಯರ ಅಡಿನೋವೈರಸ್ಸುಗಳನ್ನು ನಮ್ಮ ಪಹರೆ ಚಿಕ್ಕಂದಿನಿಂದಲೂ ನೋಡಿದೆ. ನೆಗಡಿ ಬಂದಾಗಲೆಲ್ಲ ರಿಜಿಸ್ಟರಿನಲ್ಲಿ ಹೆಸರು ಬಿದ್ದಿದೆ. ಚೀಲ ಬಿಚ್ಚುವ ಮೊದಲೇ ಹುಡುಗನನ್ನು ಗೇಟಿನಲ್ಲೇ ತಡೆದು ಕಳಿಸುತ್ತದೆ. ಅದಕ್ಕೇ ಆಕ್ಸ್‌ಫರ್ಡಿನ ಜೆನ್ನರ್ ಸಂಸ್ಥೆಯಲ್ಲಿ ಏಡ್ರಿಯನ್ ಹಿಲ್ ಮತ್ತು ಸಂಗಡಿಗರು ಹೊಸ ಮುಖ ಹುಡುಕಿದರು: ಚಿಂಪಾಂಜಿಯ ನೆಗಡಿ ವೈರಸ್. ಚಾಡ್63 ಎಂದು ಅದರ ಹೆಸರು. ಮನುಷ್ಯರ ರಿಜಿಸ್ಟರಿನಲ್ಲಿ ಈ ಮುಖವಿಲ್ಲ, ಗೇಟ್ ತೆಗೆಯುತ್ತದೆ. ಎರಡನೇ ಸಲ ಅದೇ ಹುಡುಗ ಬಂದರೆ ಪಹರೆಯವನು ಗುರುತು ಹಿಡಿದಾನು ಎಂದು, ಬೂಸ್ಟರಿಗೆ ಬೇರೆ ಸಮವಸ್ತ್ರದವನನ್ನು ಕಳಿಸಿದರು. ಸಿಡುಬಿನ ಲಸಿಕೆಯ ವಂಶದ ಎಂವಿಎ ಎಂಬ ಇನ್ನೊಂದು ವೈರಸ್.

ಇಷ್ಟೆಲ್ಲ ಏಕೆ ಎಂದರೆ, ಮಲೇರಿಯಾ ರೋಗಾಣು ಸೊಳ್ಳೆಯ ಎಂಜಲಿನಿಂದ ಇಳಿದು ಸ್ವಲ್ಪ ಹೊತ್ತಿನಲ್ಲೇ ಪಿತ್ತಜನಕಾಂಗದ ಕೋಶದೊಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತದೆ. ಹೊರಗೆ ತಿರುಗುವ ಪ್ರತಿಕಾಯಗಳಿಗೆ ಅದು ಸಿಗುವುದಿಲ್ಲ. ಮನೆ ಹೊಕ್ಕು ಹೊಡೆಯುವ ಟಿ ಕೋಶಗಳೇ ಬೇಕು. ಅವನ್ನು ಎಬ್ಬಿಸುವುದರಲ್ಲಿ ವೈರಸ್ ವಾಹಕ ಲಸಿಕೆ ಜಾಣ.

"ಹಾಗಾದರೆ ಕೆಲಸ ಆಯಿತಲ್ಲ," ಎಂದರು ಖಜಾಂಚಿ.

ಆಗಲಿಲ್ಲ. ಕೀನ್ಯಾದ ವಯಸ್ಕರಲ್ಲಿ ಈ ಜೋಡಿ ಲಸಿಕೆ ಸೋಂಕಿನ ಅಪಾಯವನ್ನು ಶೇಕಡಾ 67ರಷ್ಟು ಇಳಿಸಿತು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಹುರುಪು. ಆದರೆ ಬುರ್ಕಿನಾ ಫಾಸೋದಲ್ಲಿ 5ರಿಂದ 17 ತಿಂಗಳ ಕೂಸುಗಳಿಗೆ, ಅಂದರೆ ನಿಜವಾಗಿ ಸಾಯುತ್ತಿದ್ದವರಿಗೆ, ಕೊಟ್ಟು ನೋಡಿದಾಗ ಹೇಳಿಕೊಳ್ಳುವಂಥ ರಕ್ಷಣೆ ಸಿಗಲಿಲ್ಲ. ಡೆಮೋದಲ್ಲಿ ಓಡಿದ್ದು ಪ್ರೊಡಕ್ಷನ್ನಿನಲ್ಲಿ ಕೂತಿತು. ಈ ನೋವು ನಮ್ಮ ಸಭೆಯ ಮುಕ್ಕಾಲು ಪಾಲು ಜನಕ್ಕೆ ಸ್ವಂತದ್ದಾದ್ದರಿಂದ ಒಂದು ಕ್ಷಣ ಎಲ್ಲರೂ ತಲೆ ತಗ್ಗಿಸಿದರು.

ಮುಂದಿನದು ವೈಟ್‌ಫೀಲ್ಡಿಗೆ ವಿವರಿಸಿ ಹೇಳಬೇಕಾದ ಕಥೆಯಲ್ಲ. ಮಲೇರಿಯಾ ಪ್ರಾಜೆಕ್ಟಿನಲ್ಲಿ ಪಳಗಿ, ಫಲ ಕಾಣದೆ ಬೆಂಚಿನಲ್ಲಿ ಕೂತಿದ್ದ ಚಿಂಪಾಂಜಿ ವೈರಸ್ಸಿನ ಮನೆತನಕ್ಕೆ 2020ರಲ್ಲಿ ಇದ್ದಕ್ಕಿದ್ದಂತೆ ಬೇರೆ ಕ್ಲೈಂಟ್ ಸಿಕ್ಕಿತು. ಅದೇ ಸಂಸ್ಥೆ, ಅದೇ ಕೈಚಳಕ. ಚಾಡ್63ರ ತಮ್ಮ ಚಾಡಾಕ್ಸ್1ರ ಚೀಲದಲ್ಲಿ ಈ ಸಲ ಕೊರೊನಾದ ಮುಳ್ಳಿನ ಫೋಟೋ. ಪುಣೆಯ ಸೀರಮ್ ಸಂಸ್ಥೆ ಅದಕ್ಕೆ ಕೋವಿಶೀಲ್ಡ್ ಎಂದು ಹೆಸರಿಟ್ಟಿತು. ಆಫ್ರಿಕಾದ ಕೂಸಿಗಾಗಿ ವರ್ಷಗಟ್ಟಲೆ ತಿದ್ದಿ ತೀಡಿದ ಯಂತ್ರ ಈಜುಕೊಳದ ಪಕ್ಕ ನಮ್ಮ ತೋಳಿಗೆ ಒಂದೂವರೆ ವರ್ಷದೊಳಗೆ ಬಂತು. ಹಸಿದವರು ಯಾರೋ, ಉಂಡವರು ಯಾರೋ. ಚಿಂಪಾಂಜಿಗೆ ಮಾತ್ರ ಎರಡೂ ಕಡೆ ಸಂಭಾವನೆಯಿಲ್ಲ.

ಮಲೇರಿಯಾದ ಗುತ್ತಿಗೆ ಕೊನೆಗೆ ದಕ್ಕಿದ್ದು ವೈರಸ್ ವಾಹಕಕ್ಕಲ್ಲ, ಯೀಸ್ಟಿನಲ್ಲಿ ಬೆಳೆಸಿದ ಪ್ರೋಟೀನಿಗೆ. ಆರ್21 ಎಂದು ಹೆಸರು. ಅದೂ ಆಕ್ಸ್‌ಫರ್ಡಿನದೇ, ತಯಾರಿಸುವುದೂ ಪುಣೆಯ ಸೀರಮ್ಮೇ. 2023ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಆಗ ಹೇಳಿದ ಬೆಲೆ ಡೋಸಿಗೆ 2ರಿಂದ 4 ಡಾಲರ್.

"ನಾಲ್ಕು ಡಾಲರಾ!" ಸಭೆಯಲ್ಲಿ ಸಂತೋಷದ ಅಲೆ. ನಾಲ್ಕು ಡಾಲರಿಗೆ ನಮ್ಮ ಮಾಲ್‌ಗಳಲ್ಲಿ ಕಾಫಿಯ ಮೇಲಿನ ನೊರೆ ಬರುತ್ತದೆ. "ಪುಣೆಗೆ ಫೋನ್ ಮಾಡಿ, ಇನ್ನೂರು ಮನೆ ಗುಣಿಸು ನಾಲ್ಕು ಜನ, ಬಲ್ಕ್ ಡಿಸ್ಕೌಂಟ್ ಕೇಳಿ."

ಮೇಡಂ ನಿಟ್ಟುಸಿರು ಬಿಟ್ಟರು. ಆರ್21 ಕೂಸುಗಳಿಗೆ. ಐದು ತಿಂಗಳು ತುಂಬಿದ ಮೇಲೆ ನಾಲ್ಕು ಡೋಸು. ಅದು ಹಿಡಿಯುವುದು ಫಾಲ್ಸಿಪರಮ್ ಎಂಬ ಜಾತಿಯನ್ನು. ಬಿ ಬ್ಲಾಕಿಗೆ ಬಂದಿರುವುದು ವೈವಾಕ್ಸ್. ಅದು ಬೇರೆಯದೇ ಜಾತಿ, ಪಿತ್ತಜನಕಾಂಗದಲ್ಲಿ ಮಲಗಿದ್ದು ತಿಂಗಳುಗಳ ಮೇಲೆ ಎದ್ದು ಬರುವಂಥದ್ದು. ಅದಕ್ಕೆ ಅಂಗಡಿಯಲ್ಲಿ ಲಸಿಕೆ ಇಲ್ಲ.

ಲಸಿಕೆ ಇಲ್ಲವೆಂದರೆ ಯಾರೂ ಪ್ರಯತ್ನಿಸಿಲ್ಲವೆಂದಲ್ಲ. ದೆಹಲಿಯ ಐಸಿಜಿಇಬಿ ಸಂಶೋಧನಾ ಸಂಸ್ಥೆಯಲ್ಲಿ ಚೇತನ್ ಚಿಟ್ನಿಸ್ ಅವರ ತಂಡ ವೈವಾಕ್ಸ್ ಕೆಂಪು ರಕ್ತಕಣದ ಕದ ತಟ್ಟಲು ಬಳಸುವ ಪ್ರೋಟೀನಿನ ಬೆನ್ನು ಹತ್ತಿ ವರ್ಷಗಟ್ಟಲೆ ದುಡಿದಿದೆ. ಆ ಪ್ರೋಟೀನಿನ ಗುರುತನ್ನು ಚಿಂಪಾಂಜಿ ವೈರಸ್ಸಿನ ಚೀಲದಲ್ಲೂ ಕಳಿಸಿ ನೋಡಿದರು, ನೇರವಾಗಿ ಪ್ರೋಟೀನಾಗಿಯೂ ಚುಚ್ಚಿ ನೋಡಿದರು. 2023ರಲ್ಲಿ ಆಕ್ಸ್‌ಫರ್ಡಿನಿಂದ ಬಂದ ಫಲಿತಾಂಶದಲ್ಲಿ ವೈರಸ್ ವಾಹಕ ಮತ್ತೆ ಸೋತಿತ್ತು. ಪ್ರೋಟೀನು ಮಾತ್ರ, ಅದೂ ಬೂಸ್ಟರನ್ನು ತಡ ಮಾಡಿ ಕೊಟ್ಟಾಗ, ರೋಗಾಣು ಬೆಳೆಯುವ ವೇಗವನ್ನು ಸರಾಸರಿ ಶೇಕಡಾ 51ರಷ್ಟು ತಗ್ಗಿಸಿತ್ತು. ಆರೇ ಆರು ಜನರಲ್ಲಿ. ತಡವಾಗಿದ್ದು ಯಾಕೆಂದರೆ ನಡುವೆ ಕೋವಿಡ್ ಬಂದು ಪ್ರಯೋಗ ನಿಂತುಹೋಗಿತ್ತು. ಇದನ್ನು ಕೇಳಿ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಡೆಲಿವರಿ ಹೆಡ್ ಒಬ್ಬರು ಎದ್ದು ಕೂತರು. ಪ್ರಾಜೆಕ್ಟ್ ತಡವಾದ ಕಾರಣಕ್ಕೇ ಗುಣಮಟ್ಟ ಸುಧಾರಿಸಿದ ಉದಾಹರಣೆಯನ್ನು ಅವರು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದರಂತೆ.

ಅಷ್ಟರಲ್ಲಿ ರೋಗಿಯೇ ಮಾತಾಡಿದರು. ತಮಗೆ ಮತ್ತೆ ಬಾರದಂತೆ ಏನಾದರೂ ಆಗಲೇಬೇಕು ಎಂದರು. ಮೇಡಂ ಕೇಳಿದರು, "ಪ್ರೈಮಾಕ್ವಿನ್ ಹದಿನಾಲ್ಕು ದಿನ ಕೊಟ್ಟಿದ್ದರಲ್ಲ, ಮುಗಿಸಿದಿರಾ?" ವೈವಾಕ್ಸ್ ಬಂದವರಿಗೆ ಮೂರು ದಿನದ ಕ್ಲೋರೋಕ್ವಿನ್ ಜ್ವರ ಇಳಿಸುತ್ತದೆ, ಒಳಗೆ ಮಲಗಿದವನನ್ನು ಮುಗಿಸುವುದು ಪ್ರೈಮಾಕ್ವಿನ್. ನಮ್ಮ ಪ್ರಾಡಕ್ಟ್ ಮ್ಯಾನೇಜರ್ ಐದನೇ ದಿನಕ್ಕೇ ನಿಲ್ಲಿಸಿದ್ದರು. ಜ್ವರ ಹೋಗಿತ್ತು, ರಿಲೀಸ್ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಹದಿನಾಲ್ಕು ದಿನದ ಗುಳಿಗೆ ನುಂಗಲು ಪುರುಸೊತ್ತಿಲ್ಲದವರು ವರ್ಷಕ್ಕೂ ಹೆಚ್ಚು ಕಾಲ ಹರಡಿದ ನಾಲ್ಕು ಡೋಸಿನ ಲಸಿಕೆಗೆ ತೋಳು ಚಾಚಿ ಕೂತಿದ್ದರು.

"ಅದಿರಲಿ, ಇದು ಬಂದದ್ದು ಎಲ್ಲಿಂದ?" ಸಿ ಬ್ಲಾಕು ಕೇಳಿತು. ಉತ್ತರ ಕೇಳಿದವರ ಬಳಿಯೇ ತಯಾರಿತ್ತು: ಪಕ್ಕದ ಸೈಟಿನ ಶೆಡ್ಡುಗಳಿಂದ. ಒಡಿಶಾದವರು, ಜಾರ್ಖಂಡದವರು. ಇನ್ನೂರು ಜನ, ನಾಲ್ಕು ಕಕ್ಕಸು. ಅವರ ರಕ್ತದಲ್ಲಿ ಬಂದಿದೆ.

ಬಂದಿರಬಹುದು. ಆದರೆ ರೋಗಾಣು ರಕ್ತದಿಂದ ರಕ್ತಕ್ಕೆ ನಡೆದುಕೊಂಡು ಹೋಗುವುದಿಲ್ಲ. ಅದಕ್ಕೊಂದು ವಾಹನ ಬೇಕು. ಆ ವಾಹನ ಯಾವ ರೈಲು ಹತ್ತಿಯೂ ಬಂದದ್ದಲ್ಲ. ಅಪ್ಪಟ ನಮ್ಮದು, ನಮ್ಮ ಟ್ಯಾಂಕಿನಲ್ಲಿ ಹುಟ್ಟಿ ನಮ್ಮ ಬಾಲ್ಕನಿಯಲ್ಲಿ ಬೆಳೆದ ಮಣ್ಣಿನ ಮಗಳು. ಅನಾಫಿಲಿಸ್ ಸ್ಟೀಫೆನ್ಸಿ. ಚರಂಡಿಯ ಸೊಳ್ಳೆಯಲ್ಲ ಅದು. ಕೊಳಕು ನೀರನ್ನು ಮೂಸಿಯೂ ನೋಡುವುದಿಲ್ಲ. ಮುಚ್ಚಳ ಸರಿಯಿಲ್ಲದ ಓವರ್‌ಹೆಡ್ ಟ್ಯಾಂಕು, ಸಂಪು, ಲಿಫ್ಟಿನ ಗುಂಡಿಯಲ್ಲಿ ನಿಂತ ತಿಳಿನೀರು, ಹೊಸ ಸ್ಲ್ಯಾಬಿನ ಮೇಲೆ ಗಾರೆಯ ಕಟ್ಟೆ ಕಟ್ಟಿ ನಿಲ್ಲಿಸಿದ ಕ್ಯೂರಿಂಗ್ ನೀರು: ಅಂಥ ಪ್ರೀಮಿಯಂ ವಿಳಾಸಗಳಲ್ಲೇ ಅದರ ಬಾಣಂತನ. ಸ್ಲ್ಯಾಬು ಗಟ್ಟಿಯಾಗಲು ಕಡಿಮೆಯೆಂದರೆ ಏಳು ದಿನ ನೀರು ನಿಲ್ಲಿಸಬೇಕು. ಮೊಟ್ಟೆ ರೆಕ್ಕೆ ಬಲಿತು ಹಾರಲು ನಮ್ಮ ಹವೆಯಲ್ಲಿ ಹತ್ತು ದಿನದ ಆಸುಪಾಸು. ಮೇಸ್ತ್ರಿ ಮೂರು ದಿನ ಹೆಚ್ಚಿಗೆ ಶ್ರದ್ಧೆ ತೋರಿಸಿದರೆ ಕಾಂಕ್ರೀಟೂ ಗಟ್ಟಿ, ಸೊಳ್ಳೆಯೂ ಗಟ್ಟಿ.

ಪಾಲಿಕೆಯವರು ಮಾಡುವುದೇನು? ಸಂಜೆ ಹೊತ್ತು ಹಗದೂರು, ನಲ್ಲೂರಹಳ್ಳಿ ಕಡೆ ಚರಂಡಿಯ ಉದ್ದಕ್ಕೂ ಹೊಗೆ ಬಿಡುತ್ತಾರೆ. ಹೊಗೆ ನೆಲದಲ್ಲಿ, ಟ್ಯಾಂಕು ಹದಿನಾಲ್ಕನೇ ಮಹಡಿಯ ಮೇಲೆ. ಸ್ಟೀಫೆನ್ಸಿ ಮೇಲಿಂದ ನೋಡುತ್ತಾ ಕೂತಿರುತ್ತದೆ, ನಮ್ಮ ಪೆಂಟ್‌ಹೌಸಿನವರು ಗಣೇಶನ ಮೆರವಣಿಗೆ ನೋಡುವ ಹಾಗೆ.

ದಂಡವೂ ಉಂಟು. 2024ರಲ್ಲಿ ಡೆಂಗಿ ಮಿತಿಮೀರಿದಾಗ ರಾಜ್ಯ ಸರ್ಕಾರ ಸೊಳ್ಳೆ ಸಾಕಿದವರಿಗೆ ದರಪಟ್ಟಿ ಹೊರಡಿಸಿತು. ನಗರದ ಮನೆಗೆ 400 ರೂಪಾಯಿ, ವಾಣಿಜ್ಯ ಕಟ್ಟಡಕ್ಕೆ 1,000, ಕಟ್ಟಡ ಕಾಮಗಾರಿಯ ಜಾಗ ಮತ್ತು ಖಾಲಿ ನಿವೇಶನಕ್ಕೆ 2,000. ನಾನೂರು ಫ್ಲ್ಯಾಟಿನ ಗೋಪುರ ಏಳಿಸುತ್ತಿರುವ ಬಿಲ್ಡರಿಗೆ ಎರಡು ಸಾವಿರ! ಅಷ್ಟು ದುಡ್ಡಿಗೆ ಅವರ ಬ್ರೋಷರಿನ ಹೊದಿಕೆಯೂ ಅಚ್ಚಾಗುವುದಿಲ್ಲ. ಸೊಳ್ಳೆ ಸಾಕುವುದು ಹಸು ಸಾಕುವುದಕ್ಕಿಂತ ಸೋವಿ ಎಂದು ಸರ್ಕಾರವೇ ಲೆಕ್ಕ ಹಾಕಿಕೊಟ್ಟಂತಾಯಿತು.

ಈ ಸೊಳ್ಳೆಯನ್ನು ನಾವು ಇನ್ನೂ ಗೌರವದಿಂದ ಕಾಣಬೇಕಿತ್ತು ಎಂದು ನನಗನ್ನಿಸುತ್ತದೆ. ವೀಸಾ ಇಲ್ಲದೆ, ಸಂದರ್ಶನವಿಲ್ಲದೆ ಆನ್‌ಸೈಟ್ ಹೋದ ಏಷ್ಯಾದ ಪ್ರತಿಭೆ ಅದು. 2012ರಲ್ಲಿ ಆಫ್ರಿಕಾದ ಬಂದರು ದೇಶ ಜಿಬೂತಿಯಲ್ಲಿ ಕಾಣಿಸಿಕೊಂಡಿತು. ಆ ವರ್ಷ ಅಲ್ಲಿ ಮಲೇರಿಯಾ ಪ್ರಕರಣ ಇದ್ದದ್ದು 27. 2020ಕ್ಕೆ 73,000 ದಾಟಿತು. ಆಫ್ರಿಕಾದ ಹಳೆಯ ಮಲೇರಿಯಾ ಸೊಳ್ಳೆಗಳು ಹಳ್ಳಿಯವು. ಊರೊಳಗೆ, ಟ್ಯಾಂಕು ಡ್ರಮ್ಮುಗಳಲ್ಲಿ ಸಂಸಾರ ಮಾಡುವ ಪಟ್ಟಣದ ನಾಜೂಕು ಅವಕ್ಕೆ ಗೊತ್ತಿರಲಿಲ್ಲ. ಏಷ್ಯಾದಿಂದ ಹೋದದ್ದು ಕಲಿಸಿಕೊಟ್ಟಿತು. ಪುಣೆಯಿಂದ ಲಸಿಕೆ ಆಫ್ರಿಕಾಕ್ಕೆ ಹೋಗುವಷ್ಟರಲ್ಲಿ ಸೊಳ್ಳೆ ಮುಂಚೆಯೇ ಹೋಗಿ ಬೇಡಿಕೆ ಸೃಷ್ಟಿಸಿಟ್ಟಿತ್ತು.

ಊರಿನ ಬೇರೆ ಮೂಲೆಗಳಲ್ಲೂ ಸೊಳ್ಳೆಗೆ ಆತಿಥ್ಯ ಕಡಿಮೆಯಿಲ್ಲ. ಪೀಣ್ಯದಲ್ಲಿ ನನ್ನ ಭಾವಮೈದನಿಗೆ ಎರಡು ಲೇತ್ ಮಷೀನಿನ ಶೆಡ್ಡಿದೆ. ಹಿಂದುಗಡೆ ಖಾಲಿ ಆಯಿಲ್ ಡ್ರಮ್ಮುಗಳ ಸಾಲು, ಮಳೆ ಬಂದಾಗಲೆಲ್ಲ ತುಂಬುತ್ತವೆ. "ಬೋರಲು ಹಾಕಿಸೋ" ಎಂದೆ. "ಒಬ್ಬ ಹುಡುಗನಿಗೆ ಹೇಳಿದ್ದೆ ಭಾವ, ಅವನಿಗೇ ಚಳಿಜ್ವರ, ರಜ ಹಾಕಿದಾನೆ," ಅಂದ. ಎಲೆಕ್ಟ್ರಾನಿಕ್ ಸಿಟಿಯ ಕಥೆ ಬೇರೆ. ಅಲ್ಲಿನ ಒಂದು ಸ್ಟಾರ್ಟಪ್ಪಿನವರು ಸೊಳ್ಳೆಯ ರೆಕ್ಕೆಯ ಸದ್ದು ಕೇಳಿ ಜಾತಿ ಹೇಳುವ ಆ್ಯಪ್ ತೋರಿಸಲು ಕರೆದಿದ್ದರು. ನಿಜಕ್ಕೂ ಚೆನ್ನಾಗಿತ್ತು. ಪ್ರದರ್ಶನಕ್ಕೆ ಸೊಳ್ಳೆ ಎಲ್ಲಿಂದ ತರಿಸಿದಿರಿ ಎಂದು ಕೇಳಿದೆ. ತರಿಸುವುದೇಕೆ ಸಾರ್, ಬೇಸ್‌ಮೆಂಟಿನ ಪಂಪ್ ರೂಮಿನಲ್ಲೇ ಸಿಗುತ್ತವೆ, ಎಂದರು ಹೆಮ್ಮೆಯಿಂದ.

ವಿಜ್ಞಾನಕ್ಕೆ ಈ ಊರಿನಲ್ಲಿ ಬರವಿಲ್ಲ, ಎಂದೂ ಇರಲಿಲ್ಲ. ಐಐಎಸ್‌ಸಿಯ ಜಿ. ಪದ್ಮನಾಭನ್ ಮಲೇರಿಯಾ ರೋಗಾಣು ಹೀಮ್ ತಯಾರಿಸಿಕೊಳ್ಳುವ ಬಗೆಯನ್ನು ಬಿಡಿಸಲು ದಶಕಗಳನ್ನು ಸವೆಸಿದರು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ನಮಿತಾ ಸುರೋಲಿಯಾ, ಐಐಎಸ್‌ಸಿಯ ಅವಧೇಶ ಸುರೋಲಿಯಾ ಸೇರಿ ಸೋಪು, ಟೂತ್‌ಪೇಸ್ಟುಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ಆ ರೋಗಾಣುವಿನ ಕೊಬ್ಬು ತಯಾರಿಕೆಯನ್ನೇ ನಿಲ್ಲಿಸುತ್ತದೆಂದು 2001ರಲ್ಲಿ ತೋರಿಸಿದರು. ಮಲೇರಿಯಾ ಸಂಶೋಧನಾ ಸಂಸ್ಥೆಯ ಬೆಂಗಳೂರು ಘಟಕದವರು ಇನ್ನೂ ಅಗ್ಗದ ದಾರಿ ಹಿಡಿದು, ಕರ್ನಾಟಕದ ಹಳ್ಳಿ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಸೊಳ್ಳೆಮರಿ ತಿನ್ನಿಸಿದರು. ನಮ್ಮ ಸಂಘಕ್ಕೂ ಗಪ್ಪಿಯ ಸಲಹೆ ಹೋಗಿತ್ತು. ಅಲಂಕಾರದ ಕೊಳದಲ್ಲಿರುವ ಜಪಾನಿ ಕೊಯ್ ಮೀನುಗಳ ಅಂದಕ್ಕೆ ಅದು ಹೊಂದುವುದಿಲ್ಲ ಎಂದು ಲ್ಯಾಂಡ್‌ಸ್ಕೇಪ್ ಉಪಸಮಿತಿ ತಿರಸ್ಕರಿಸಿತು.

ಆದರೆ ಬೆಂಗಳೂರಿನ ಅತಿ ದೊಡ್ಡ ಮಲೇರಿಯಾ ಆವಿಷ್ಕಾರ ಇವು ಯಾವುವೂ ಅಲ್ಲ. ಅದು 1883ರದು. ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರರ ಮಿಲಿಟರಿ ಡಾಕ್ಟರು ಆಗ ಬೆಂಗಳೂರು ದಂಡಿನಲ್ಲಿದ್ದ. ಬಂಗಲೆ ಚೆಂದ, ಸೊಳ್ಳೆ ವಿಪರೀತ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳು ಮಿಸುಕಾಡುವುದನ್ನು ಕಂಡು ಅದನ್ನು ಬೋರಲು ಹಾಕಿದ. ಸೊಳ್ಳೆ ಕಡಿಮೆಯಾಯಿತು. ಖುಷಿಯಿಂದ ಹೋಗಿ ಮೇಲಿನ ಅಡ್ಜುಟಂಟನಿಗೆ, ಮೆಸ್ಸಿನಲ್ಲೂ ಹೀಗೇ ಮಾಡೋಣ ಎಂದ. ಅಡ್ಜುಟಂಟ್ ಒಪ್ಪಲಿಲ್ಲ. ಸೃಷ್ಟಿಯ ಕ್ರಮ ಕೆಡಿಸಬಾರದು, ಸೊಳ್ಳೆಯನ್ನು ದೇವರು ಏನೋ ಉದ್ದೇಶವಿಟ್ಟೇ ಹುಟ್ಟಿಸಿದ್ದಾನೆ, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬರ್ಥದ ಮಾತಾಡಿದನಂತೆ. ರಾಸ್ ಹದಿನಾಲ್ಕು ವರ್ಷದ ಮೇಲೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡ. ಅದಕ್ಕಾಗಿ ಸೊಳ್ಳೆ ಕಚ್ಚಿಸಿಕೊಂಡ ಹುಸೇನ್ ಖಾನನಿಗೆ ಕಡಿತಕ್ಕೊಂದು ಆಣೆ ಕೊಟ್ಟ. ತನಗೆ 1902ರಲ್ಲಿ ನೊಬೆಲ್ ಬಂತು. ರಾಸ್‌ಗೆ ಪಾರಿತೋಷಕ ಸಿಕ್ಕಿತು ಸರಿ. ಊರು ಉಳಿಸಿಕೊಂಡದ್ದು ಮಾತ್ರ ಅಡ್ಜುಟಂಟನನ್ನು. ನೂರ ನಲವತ್ತು ವರ್ಷದಿಂದ ಅವನೇ ಇಲ್ಲಿ ಸಂಘಗಳ ಅಧ್ಯಕ್ಷ, ವಾರ್ಡ್ ಎಂಜಿನಿಯರ್, ಸೈಟ್ ಮ್ಯಾನೇಜರ್.

ಸಭೆ ಎರಡೂವರೆ ಗಂಟೆ ನಡೆಯಿತು. ಭಾರತ 2030ರೊಳಗೆ ಮಲೇರಿಯಾ ನಿರ್ಮೂಲ ಮಾಡುವ ಗುರಿ ಇಟ್ಟುಕೊಂಡಿದೆ, 2015ರಲ್ಲಿ 11,69,261 ಇದ್ದ ಪ್ರಕರಣ 2023ಕ್ಕೆ 2,27,564ಕ್ಕೆ ಇಳಿದಿದೆ, ಅದು ಇಳಿದದ್ದು ಲಸಿಕೆಯಿಂದಲ್ಲ, ಸೊಳ್ಳೆಪರದೆ, ರಕ್ತ ಪರೀಕ್ಷೆ, ಗುಳಿಗೆ ಮತ್ತು ಮನೆಮನೆ ಅಲೆದ ಆಶಾ ಕಾರ್ಯಕರ್ತೆಯರ ಚಪ್ಪಲಿಯಿಂದ ಎಂದು ಮೇಡಂ ಹೇಳಿ ನೋಡಿದರು. ಅಷ್ಟು ಹೊತ್ತಿಗೆ ಸಮೋಸ ಬಂದಿತ್ತು. ಮೂರು ನಿರ್ಣಯ ಪಾಸಾದವು. ಒಂದು, ವೈವಾಕ್ಸ್‌ಗೆ ವೈರಸ್ ವಾಹಕ ಲಸಿಕೆ ಬಂದ ತಕ್ಷಣ ಮೊದಲ ಲಾಟಿನಲ್ಲಿ ತರಿಸಲು ಐವರ ಲಸಿಕಾ ಉಪಸಮಿತಿ. ಎರಡು, ಶೆಡ್ಡಿನವರು ನಮ್ಮ ಗೋಡೆಯ ಪಕ್ಕದ ಕಾಲುದಾರಿ ಬಳಸದಂತೆ ಬಿಲ್ಡರಿಗೆ ಪತ್ರ. ಮೂರನೆಯದು ಸಮೋಸದ ಬಿಲ್ಲು.

ಹೊರಗೆ ಬಂದಾಗ ಹೌಸ್‌ಕೀಪಿಂಗಿನ ಅಕ್ಕ ಗೋಡೆಯ ಅಂಚಿನಲ್ಲಿ ನಿಂತಿದ್ದರು. ಗೋಡೆಗೆ ಒತ್ತಿ ಆ ಕಡೆ ಸೈಟಿನವರ ಇನ್ನೂರು ಲೀಟರಿನ ನೀಲಿ ಡ್ರಮ್ಮು, ಅರ್ಧ ತುಂಬಿದೆ. "ಹುಳ ಆಗೋಗದೆ ಸಾ," ಅಂದರು. ಯಾರನ್ನೂ ಕೇಳಲಿಲ್ಲ. ಗೋಡೆಯ ಮೇಲಿಂದ ಕೈ ಚಾಚಿ, ಕೋಲು ಕೊಟ್ಟು ಜೋರಾಗಿ ನೂಕಿದರು. ಡ್ರಮ್ಮು ಉರುಳಿತು. ಒಣ ಮಣ್ಣಿನ ಮೇಲೆ ಮರಿಗಳು ಒಂದೆರಡು ಸಲ ಮಿಸುಕಾಡಿ ಸುಮ್ಮನಾದವು. ಇಡೀ ಕೆಲಸಕ್ಕೆ ಒಂದು ನಿಮಿಷ ಹಿಡಿದಿರಲಾರದು.

ಸೋಮವಾರ ಬೆಳಿಗ್ಗೆ ಗುಂಪಿನಲ್ಲಿ ಸಿಸಿಟಿವಿ ಚಿತ್ರದ ಸಮೇತ ಪ್ರಕಟಣೆ ಬಂತು. ಪಕ್ಕದ ಆಸ್ತಿಗೆ ಹಾನಿ ಮಾಡಿದ ಸಿಬ್ಬಂದಿಯ ಅರ್ಧ ದಿನದ ಸಂಬಳ ಕಡಿತ. ಬಿಲ್ಡರಿಗೆ ಸಂಘದ ಪರವಾಗಿ ಕ್ಷಮಾಪಣೆ. ಮುಂದೆ ಯಾವುದೇ ಡ್ರಮ್ಮು ಮುಟ್ಟುವ ಮೊದಲು ಲಿಖಿತ ಎನ್‌ಒಸಿ ಕಡ್ಡಾಯ. ಕೆಳಗೆ ನಲವತ್ತೆರಡು ಕೈಮುಗಿದ ಚಿತ್ರಗಳು.

ಸಂಜೆ ಗೋಡೆಯ ಹತ್ತಿರ ಹೋಗಿ ನೋಡಿದೆ. ಡ್ರಮ್ಮನ್ನು ಯಾರೋ ನೆಟ್ಟಗೆ ನಿಲ್ಲಿಸಿದ್ದರು. ಟ್ಯಾಂಕರಿನವನು ಪೈಪು ಬಿಟ್ಟು ನೀರು ತುಂಬಿಸುತ್ತಿದ್ದ.